ಅಮೀರ್ ಸಾಬ್ರ ಕೊನೆಯ ರೀಲು

ಅಮೀರ್ ಸಾಬ್ರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದವರೇ ಗಾಜಿನ ಬೀರು ತೆಗೆದು, ರೀಲೇ ಇಲ್ಲದ ಕ್ಯಾಮೆರಾಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಕ್ಲಿಕ್ ಮಾಡುತ್ತಿದ್ದರು. ಪೆಟ್ಟಿಗೆಯಂಥವು, ಮಡಚುವಂಥವು, ಕೊನೆಗಾಲದಲ್ಲಿ ಮದುವೆಗಳಿಗೆಂದು ಕೊಂಡ ಎರಡು ಡಿಜಿಟಲ್, ಎಲ್ಲ ಸೇರಿ ಮೂವತ್ತರ ಮೇಲಿದ್ದವು. “ಸುಮ್ನೆ ಮಡಗಿದ್ರೆ ಮೈ ಹಿಡ್ಕತವೆ ಕಣವ್ವ, ನಮ್ಮಂಗೇ” ಅನ್ನುತ್ತಿದ್ದರು. ಕೊಳ್ಳಲು ಬಂದವರಿಗೆ ಚಾ ಕೊಟ್ಟು ಕಳಿಸುತ್ತಿದ್ದರೇ ಹೊರತು ಒಂದನ್ನೂ ಮಾರಲಿಲ್ಲ.

ಹುಣಸೂರಿನಲ್ಲಿ ಅವರ ಸ್ಟುಡಿಯೋ ನಡೆಯುತ್ತಿದ್ದ ಕಾಲ. ನನ್ನ ಮಗಳು ಸುಮಾಳಿಗೆ ಒಂಬತ್ತು ತಿಂಗಳು. ಹನಗೋಡಿನಿಂದ ಎತ್ತಿಕೊಂಡು ಹೋಗಿದ್ದೆ. ಸಾಬ್ರು ಮಗುವಿನ ಮೂಗಿನಿಂದ ಕ್ಯಾಮೆರಾದವರೆಗೆ ಗಂಟು ಹಾಕಿದ ದಾರ ಹಿಡಿದು ದೂರ ಅಳೆದರು. ನಾನು ಮಗುವಿನ ಕೂದಲು ಸರಿಮಾಡಲು ಮೂರು ಸಲ ಅಡ್ಡ ಬಂದೆ. “ಮಗು ಸುಮ್ಕೆ ಕುಂತದೆ. ನಿನ್ನ ಯಾರಾದ್ರೂ ಕಟ್ಟಾಕ್ಬೇಕು ಕಣವ್ವ” ಅಂದರು. ಆ ಒಂದು ಬಿಟ್ಟರೆ ಸುಮಾ ಕೂಸಾಗಿದ್ದಾಗಿನ ಫೋಟೋ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ.

ಅದೇ ಸುಮಾಳಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಸಕ್ಕರೆ ಕೊಟ್ಟೆ; ಗುರುತಿಲ್ಲದ ಬಸ್ ಕಂಡಕ್ಟರನ ಕೈಗೂ ಹಾಕಿದೆ. ಆ ಪುಟ್ಟ ಪಾದ, ಆ ಆಕಳಿಕೆ, ಏನು ನೋಡಿದರೂ ನನಗೆ ಅಳು ಉಕ್ಕುತ್ತಿತ್ತು. ಇವಳ ಮೊದಲ ಫೋಟೋವನ್ನೂ ಸಾಬ್ರೇ ತೆಗೆಯಬೇಕೆಂದು ಹಠ ಹಿಡಿದೆ.

ಅಷ್ಟರಲ್ಲಿ ಅವರಿಗೆ ಎರಡು ಕಣ್ಣೂ ಹೋಗಿದ್ದವು. “ಡಿಜಿಟಲ್ಲು ಬ್ಯಾಡ, ಅದ್ರ ಪರದೆ ನಂಗೆ ಕಾಣಾಕಿಲ್ಲ. ಹಳೇದಾದ್ರೆ ಬೆರಳಿಗೇ ತಿಳೀತದೆ” ಎಂದು, ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ರೀಲನ್ನು ಹಳೆಯ ಕ್ಯಾಮೆರಾಕ್ಕೆ ಹಾಕಿದರು. ಮಗುವಿನ ಹಣೆ, ಮೂಗು, ಗಲ್ಲ ಮುಟ್ಟಿ ನೋಡಿ ದಾರ ಹಿಡಿದರು.

“ನಗ್ತಾವಳಾ?”

“ನಗ್ತಾವಳೆ ಸಾಬ್ರೇ.”

ಕ್ಲಿಕ್ ಅಂದಿತು. ಸಾಬ್ರೂ ನಕ್ಕರು.

ಮೈಸೂರಿನಲ್ಲಿ ರೀಲು ತೊಳೆಯುವವರನ್ನು ಹುಡುಕಿ ಅಳಿಯ ಕೊಟ್ಟು ಬಂದ. ತಿಂಗಳಾದ ಮೇಲೆ ಕೈಗೆ ಬಂದದ್ದು ಉದ್ದಕ್ಕೂ ಬರೀ ಕಪ್ಪು. ರೀಲು ಹಳತಾಗಿ ಕೆಟ್ಟುಹೋಗಿತ್ತಂತೆ. ಆಗ ಸಾಬ್ರು ಹಾಸಿಗೆ ಹಿಡಿದಿದ್ದರು. ಅವರ ಸೊಸೆ ಫೋನು ಮಾಡಿ, “ಮಾವ ದಿನಾ ಅದೊಂದೇ ಕೇಳ್ತಾರೆ ಅಮ್ಮಾ, ಮಗೀನ ಫೋಟೋ ಬಂತಾ ಅಂತ” ಎಂದಳು.

ಸುಮಾಳ ಹಳೆಯ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹೋದೆ. ಅವರ ಕೈಗೆ ಕೊಟ್ಟು, “ಚೆಂದಾಗಿ ಬಂದದೆ ಸಾಬ್ರೇ, ಬಾಯ್ತುಂಬ ನಗ್ತಾವಳೆ” ಅಂದೆ.

ಸಾಬ್ರು ಅದರ ಮೇಲೆ ಬೆರಳಾಡಿಸಿದರು. ಬೆರಳು ಅಂಚಿಗೆ ಬಂತು. ಹಲ್ಲುಹಲ್ಲಾಗಿ ಕತ್ತರಿಸಿದ ಅಂಚು. ಬೆರಳು ಅಲ್ಲೇ ನಿಂತಿತು.

“ಇಂಗೆ ಕತ್ರಿಸೋ ಮಿಶನ್ನು ತುಕ್ಕು ಹಿಡ್ದು ಎಷ್ಟ್ ವರ್ಷ ಆಯ್ತವ್ವ. ಇದು ಸುಮಂದು. ಮೊಮ್ಮಗಳದ್ದು ಬರ್ನಿಲ್ಲ, ಅಲ್ವಾ?”

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

“ಸುಳ್ಳೇಳಕ್ಕೆ ಹನಗೋಡಿಂದ ಬಸ್ಸತ್ತಿ ಬಂದಿದ್ದೀಯಲ್ಲ ತಾಯಿ” ಎಂದು ನಕ್ಕರು. ನಗು ಕೆಮ್ಮಾಯಿತು. ಫೋಟೋವನ್ನು ಎದೆಯ ಮೇಲಿಟ್ಟುಕೊಂಡು ಅದರ ಮೇಲೆ ಕೈ ಮುಚ್ಚಿದರು. ನಾನು ವಾಪಸು ಕೇಳಲಿಲ್ಲ. ಆ ವಾರವೇ ಹೋಗಿಬಿಟ್ಟರು.

ಮೊಮ್ಮಗಳು ಈಗ ಮನೆತುಂಬ ಓಡಾಡುತ್ತಾಳೆ. ಅವಳು ಯಾರ ಹಾಗಿದ್ದಾಳೆ ನೋಡೋಣವೆಂದು ಮೊನ್ನೆ ಸುಮಾ ತನ್ನ ಫೋಟೋ ಹುಡುಕಿದಳು.

“ಎಲ್ ಮಡಗಿದ್ದೀಯವ್ವ?”

“ಸಾಬ್ರ ತಾವ ಅದೆ” ಅಂದೆ.