ಅಪ್ಪನ ಚಾ ಚಾ, ಅಳಿಯನ ಸಾಲ್ಸಾ

ಗಂಡನಿಗೆ ಸಾಲ್ಸಾ ಕುಣಿತ ಕಲಿಸಲೇಬೇಕೆಂಬ ಹುಚ್ಚು ನನಗೆ ಹಿಡಿದದ್ದು ತಮ್ಮನ ಮದುವೆ ನಿಶ್ಚಯವಾದ ದಿನ. ಮದುವೆ ಇಲ್ಲೇ ಅಮೆರಿಕದ ಶಾರ್ಲಟ್‌ನಲ್ಲಿ, ಮಂಗಳೂರಿನಿಂದ ಅಪ್ಪ ಅಮ್ಮ ಬರುವವರಿದ್ದರು. ನಮ್ಮ ಕ್ರಿಶ್ಚಿಯನ್ ಮದುವೆಗಳಲ್ಲಿ ಕೇಕ್ ಕತ್ತರಿಸಿದ ಮೇಲೆ ಮೈಕ್ ಹಿಡಿದವನು ಮನೆಯವರನ್ನು ಜೋಡಿ ಜೋಡಿಯಾಗಿ ಕುಣಿಯಲು ಕರೆಯುತ್ತಾನೆ. ಮದುಮಗನ ಅಕ್ಕ-ಭಾವ ಎಂದು ನಮ್ಮನ್ನೂ ಕರೆಯದೆ ಬಿಡುವುದಿಲ್ಲ.

ನನ್ನ ಮದುವೆಯಲ್ಲಿ ಕೇಕೂ ಇರಲಿಲ್ಲ, ಕುಣಿತವೂ ಇರಲಿಲ್ಲ. ಉಡುಪಿ ಕಡೆಯ ಹಿಂದೂ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿದ್ದೆ, ಅಪ್ಪ ಬಂದಿರಲಿಲ್ಲ. ಆಮೇಲೆ ನನ್ನ ಜೊತೆ ಮಾತು ಶುರುವಾಯಿತು, ಅವನ ಜೊತೆ ಆಗಲಿಲ್ಲ. ಹರ್ನ್‌ಡನ್‌ನ ನಮ್ಮ ಮನೆಗೆ ಅಪ್ಪ ಫೋನ್ ಮಾಡಿದಾಗ ಅವನು ಎತ್ತಿದರೆ, "ಮಗಳಿಗೆ ಕೊಡಿ" ಎನ್ನುವುದಷ್ಟೇ ಮಾವ-ಅಳಿಯರ ಸಂಭಾಷಣೆ. ಅಪ್ಪನೋ, ಬಾಂಬೆಯಲ್ಲಿ ಕೆಲಸದಲ್ಲಿದ್ದಾಗ ಚಾ ಚಾ ಕುಣಿತ ಕಲಿತು ಬಂದು ಊರಿನ ಮದುವೆಗಳಲ್ಲೆಲ್ಲ ಹೆಸರು ಮಾಡಿದ ಮನುಷ್ಯ. ಕುಣಿಯಲು ಬಾರದ ಗಂಡಸು ಅವರ ಲೆಕ್ಕದಲ್ಲಿ ಅರ್ಧ ಗಂಡಸು. ಆ ಒಂದು ಸಂಜೆಯಾದರೂ ಅವರು ನನ್ನ ಗಂಡನನ್ನು ಮೆಚ್ಚಬೇಕು ಎಂದು ನನಗೆ ಅಳು ಬರುವಷ್ಟು ಆಸೆಯಿತ್ತು.

ಪಕ್ಕದೂರು ರೆಸ್ಟನ್‌ನ ಕಮ್ಯುನಿಟಿ ಸೆಂಟರಿನಲ್ಲಿ ಕ್ಲಾಸು. ಟೀಚರಮ್ಮ ನ್ಯೂಯಾರ್ಕಿನಲ್ಲಿ ಹುಟ್ಟಿದವಳು, ತಂದೆತಾಯಿ ಪೋರ್ಟೊ ರಿಕೊದವರು. ಸಾಲ್ಸಾ ಎಂದರೆ ಅವರ ಭಾಷೆಯಲ್ಲಿ ನಮ್ಮ ಗೊಜ್ಜಿನಂಥ ಪದಾರ್ಥವಂತೆ. ಕುಣಿತವೂ ಹಾಗೇ, ಶುದ್ಧ ಕಲಸುಮೇಲೋಗರ. ಕ್ಯೂಬಾದ ಪೂರ್ವ ಭಾಗದಲ್ಲಿ ಸ್ಪೇನಿನವರ ಗಿಟಾರೂ ಗುಲಾಮರಾಗಿ ಬಂದ ಆಫ್ರಿಕದವರ ಡೋಲೂ ಸೇರಿ 'ಸೋನ್' ಎಂಬುದು ಹುಟ್ಟಿತು. ಮ್ಯಾಂಬೊ, ಚಾ ಚಾ ಎಲ್ಲ ಅದೇ ಮನೆಯ ಮಕ್ಕಳು. ಎಲ್ಲವೂ ನ್ಯೂಯಾರ್ಕಿಗೆ ಹೋಗಿ, ಪೋರ್ಟೊ ರಿಕೊದವರ ಕೈಯಲ್ಲಿ ಒಗ್ಗರಣೆ ಬಿದ್ದು ಸಾಲ್ಸಾ ಆಯಿತು ಎಂದು ಅವಳು ಎದೆ ತಟ್ಟಿಕೊಂಡಳು. ಕ್ಲಾಸಿನಲ್ಲಿದ್ದ ಕ್ಯೂಬಾದ ಮುದುಕರೊಬ್ಬರು ಎದ್ದೇಬಿಟ್ಟರು. ಹೆತ್ತವರು ನಾವು, ನೀವು ಬರೀ ಹೆಸರಿಟ್ಟವರು ಎಂದು ಅವರ ವಾದ. ಕಾಲು ಗಂಟೆ ಜಗಳ. ನನ್ನ ಗಂಡನಿಗೆ ಹಬ್ಬವೋ ಹಬ್ಬ.

"ಯಕ್ಷಗಾನದಲ್ಲಿ ತೆಂಕುತಿಟ್ಟಿನವರೂ ಬಡಗುತಿಟ್ಟಿನವರೂ ಹೀಗೇ ಕಚ್ಚಾಡುವುದು, ಮಾರಾಯ್ತಿ!"

ಜಗಳ ಅರ್ಥವಾದಷ್ಟು ಸುಲಭವಾಗಿ ಹೆಜ್ಜೆ ಅರ್ಥವಾಗಲಿಲ್ಲ. ಸಾಲ್ಸಾದಲ್ಲಿ ಗಂಡಸು ಎಡಗಾಲು ಮುಂದಿಟ್ಟು ನಡೆಸಬೇಕು, ಹೆಂಗಸು ಬಲಗಾಲು ಹಿಂದಿಟ್ಟು ಅನುಸರಿಸಬೇಕು. ಇವನು ಸುಮ್ಮನೆ ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದ. ಕೇಳಿದರೆ, ಶಾಲೆಯ ದಿನಗಳಲ್ಲಿ ಯಕ್ಷಗಾನದಲ್ಲಿ ಇವನದು ಯಾವಾಗಲೂ ಸ್ತ್ರೀವೇಷವಂತೆ! ಎದುರಿನ ವೇಷದ ಸನ್ನೆ ಕಾದು ಹೆಜ್ಜೆ ಹಾಕುವುದು ಮೈಗೇ ಹತ್ತಿಬಿಟ್ಟಿತ್ತು. ಟೀಚರಮ್ಮ ನಮ್ಮಿಬ್ಬರನ್ನೂ ನೋಡಿ, "ಇವನು ಕಾಯ್ತಾನೆ, ನೀನು ಎಳೀತೀಯ. ಅದಲು ಬದಲು ಮಾಡಿಕೊಳ್ಳಿ" ಎಂದಳು. ಹೇಗೂ ಟೋಲ್ ರೋಡಿನಲ್ಲಿ ಕಾರು ಓಡಿಸುವವಳು ನಾನೇ, ಇದನ್ನೂ ಓಡಿಸಿದರಾಯಿತು ಎಂದು ಕೈ ಎತ್ತಿದೆ. ಅವನು ಬುಗುರಿಯಂತೆ ತಿರುಗಿ, ಬೆರಳು ಬಳುಕಿಸಿ, ಕತ್ತು ಕೊಂಕಿಸಿ ನಿಂತ! ನಾನು ನಕ್ಕು ನಕ್ಕು ನೆಲದ ಮೇಲೆ ಕೂತೆ. ಆಮೇಲೆ ನಮಗೆ ಹೊತ್ತುಗೊತ್ತು ಉಳಿಯಲಿಲ್ಲ. ದೋಸೆ ಕಾವಲಿಯ ಮುಂದೆ, ಲಾಂಡ್ರಿ ರೂಮಿನಲ್ಲಿ, ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕುಣಿದದ್ದೇ ಕುಣಿದದ್ದು.

ಆದರೆ ಮದುವೆಯಲ್ಲಿ ಅಪ್ಪನ ಎದುರು ಹೀಗೆ ಕುಣಿದರೆ ಮುಗಿಯಿತು ಕಥೆ. ಸರಿಯಾದ ದಿಕ್ಕಿನಲ್ಲಿ ಕುಣಿಸಲು ಬಹಳ ಹೆಣಗಿದೆ. ನನ್ನ ಕಾಲುಗುರು ಕಪ್ಪಾಯಿತೇ ಹೊರತು ಬೇರೇನೂ ಆಗಲಿಲ್ಲ. ಸುಮ್ಮನೆ ಕೂತುಬಿಡೋಣ ಎಂದೆ.

"ಕುಣಿದರೆ ಸ್ವಲ್ಪ ಮರ್ಯಾದೆ ಹೋಗ್ತದೆ. ಕೂತರೆ ಪೂರ್ತಿ ಹೋಗ್ತದೆ. ನಡಿ" ಎಂದ.

ಶಾರ್ಲಟ್‌ನಲ್ಲಿ ನಮ್ಮನ್ನು ಕರೆದರು. ಸಾಲ್ಸಾ ಹಾಡೇ ಹಾಕಿಸಿದ್ದೆ. ಇವನು ಗಂಡಸಿನಂತೆ ಎಡಗಾಲು ಮುಂದಿಟ್ಟ, ಅಲ್ಲೇ ನಿಂತ. ಅಭ್ಯಾಸಬಲದಿಂದ ನನ್ನ ಕೈ ಅವನ ಬೆನ್ನಿಗೆ ಹೋಯಿತು. ಅಷ್ಟೇ, ಮುಂದಿನ ಗಳಿಗೆಯಲ್ಲಿ ಸೂಟು ಬೂಟು ಹಾಕಿದ ನನ್ನ ಗಂಡ ಗಿರ್ರನೆ ತಿರುಗಿ, ಕತ್ತು ಕೊಂಕಿಸಿ, ನನ್ನ ತೋಳಿಗೆ ಬಂದು ಬಿದ್ದ. ಸಭೆಯೆಲ್ಲ ಹೋ ಎಂದಿತು, ಯಾರೋ ಸಿಳ್ಳೆ ಹಾಕಿದರು.

ಅಪ್ಪ ಗ್ಲಾಸು ಕೆಳಗಿಟ್ಟು ಎದ್ದರು. ಬಾಗಿಲ ಕಡೆ ಹೊರಟರು ಎಂದುಕೊಂಡೆ. ಅವರು ನೇರ ನಮ್ಮ ಹತ್ತಿರ ಬಂದರು. ನಮ್ಮಲ್ಲಿ ಇನ್ನೊಬ್ಬರ ಜೋಡಿಯನ್ನು ಕುಣಿಯಲು ಕೇಳುವಾಗ ಗಂಡಸಿನ ಭುಜ ತಟ್ಟಿ ಹೆಂಗಸಿನ ಕೈ ಹಿಡಿಯುವುದು ಪದ್ಧತಿ. ಅಪ್ಪ ನನ್ನ ಭುಜ ತಟ್ಟಿದರು.

"ಎಕ್ಸ್‌ಕ್ಯೂಸ್ ಮಿ" ಎಂದು ಗಂಭೀರವಾಗಿ ಹೇಳಿ, ಅಳಿಯನ ಕೈ ಹಿಡಿದುಕೊಂಡರು.

ಅಪ್ಪನದು ಬಾಂಬೆಯ ಚಾ ಚಾ, ಇವನದು ರೆಸ್ಟನ್ ಸಾಲ್ಸಾ. ಅಪ್ಪ ನಡುವೆ ಚುರುಕಾಗಿ ಚಾ-ಚಾ-ಚಾ ಎಂದು ಕಾಲು ಉಜ್ಜಿದರೆ ಇವನು ಒಂದು ಕ್ಷಣ ಕಾದು ಅದಕ್ಕೂ ಹೆಜ್ಜೆ ಕೂಡಿಸಿದ. ಒಂದೇ ಮನೆಯ ಮಕ್ಕಳು ಎಂದು ಟೀಚರಮ್ಮ ಹೇಳಿದ್ದು ಸುಳ್ಳಲ್ಲ. ನಾನು ಕುರ್ಚಿಯಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತ, ಹುಚ್ಚಿಯಂತೆ ನಗುತ್ತ, ಇಬ್ಬರ ಪಾಲಿನ ಕೇಕೂ ತಿಂದೆ. ಹಾಡು ಮುಗಿದಾಗ ಅಪ್ಪ ಏದುಸಿರು ಬಿಡುತ್ತ ಬಂದರು.

"ನಿನ್ನ ಗಂಡನಿಗೆ ಹೆಜ್ಜೆ ಉಂಟು. ನೀನು ಎಳೆಯುವುದು ಜಾಸ್ತಿ."

ಅವರು ಮಂಗಳೂರು ಸೇರಿದ ಮೇಲೆ ಒಂದು ಭಾನುವಾರ ನಮ್ಮ ಮನೆಯ ಫೋನ್ ಬಡಿಯಿತು. ಗಂಡ ಎತ್ತಿದ. ಎಂದಿನಂತೆ ನಾನು ಕೈ ಚಾಚಿದೆ. ಅವನು ನನಗೆ ಬೆನ್ನು ಹಾಕಿ, ಮಾತಾಡುತ್ತ ಅಡುಗೆಮನೆಗೆ ಹೋದ.

"ಇಲ್ಲ ಮಾವ, ಎಡಗಾಲು ನಿಮ್ಮದು. ನನ್ನದು ಬಲಗಾಲು."