ಸುಗುಣಾ ಹಾಕುತ್ತಿದ್ದ ಮಧ್ವರಾಜರ ಸಹಿ

ಕೀಲ್ಪಾಕಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಮಧ್ವರಾಜರು ಮೂವತ್ತೊಂದು ವರ್ಷ ಕಾವಲಿಯ ಮುಂದೆ ನಿಂತವರು. ಬೆಳಗ್ಗೆ ಎರೆದ ಮೊದಲ ದೋಸೆಯ ಮೇಲೆ ಸಂಜೆಯ ಕೊನೆಯದನ್ನು ಇಟ್ಟು ನೋಡಿದರೂ ಅಂಚು ಎಲ್ಲೂ ಹೊರಗೆ ಇಣುಕುತ್ತಿರಲಿಲ್ಲ. ಗಿರಾಕಿ ಎರಡನೇ ಸಲ ಬರುವುದು ರುಚಿಗಲ್ಲ, ಹೋದ ಸಲದ್ದೇ ಈ ಸಲವೂ ಸಿಗುತ್ತದೆಂಬ ಧೈರ್ಯಕ್ಕೆ. ಅವರು ಕಲಿತ ಶಾಸ್ತ್ರ ಅದೊಂದೇ. ಅರವತ್ತೆಂಟನೇ ವಯಸ್ಸಿನಲ್ಲಿ ಅದೇ ಶಾಸ್ತ್ರ ಅವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿತು.

ಹೆಂಡತಿ ಸುಗುಣಾ ತೀರಿಕೊಂಡು ಎಂಟು ತಿಂಗಳಾಗಿತ್ತು. ಬ್ಯಾಂಕಿನ ಲಾಕರು ಇಬ್ಬರ ಹೆಸರಲ್ಲಿತ್ತು, ಅದನ್ನು ಒಬ್ಬರ ಹೆಸರಿಗೆ ಮಾಡಿಸಬೇಕು. ಮಧ್ವರಾಜರು ಕೊಟ್ಟ ಮೂರು ಅರ್ಜಿಗಳನ್ನು ಅಧಿಕಾರಿ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಮೂರು ಸಹಿಯೂ ಒಂದೇ ಸಹಿಯ ಹಾಗೆ ಕೂತಿದ್ದವು. ಯಾರೋ ಹಳೆಯದರ ಮೇಲೆ ಕಾಗದವಿಟ್ಟು ತಿದ್ದಿದ್ದಾರೆ, ಕೈಬರಹ ಪರೀಕ್ಷಿಸುವವರ ವರದಿ ತನ್ನಿ ಎಂದ. ಮಾಧವರಂನಲ್ಲಿರುವ ಮಗಳು ನಮಿತಾ ಫೋನಿನಲ್ಲಿ, ಎಂದಿನಂತೆ ತಮಿಳಿನಲ್ಲಿ, ಹೆಬ್ಬೆಟ್ಟು ಒತ್ತಿ ಮುಗಿಸಿಬಿಡಿ ಅಪ್ಪಾ ಎಂದಳು. ಅಕ್ಷರ ಬಲ್ಲವನಿಗೆ ಹೇಳುವ ಮಾತೇ ಅದು? ಎರಡು ದಿನ ಅವಳ ಫೋನು ಎತ್ತಲಿಲ್ಲ.

ಎಗ್ಮೋರಿನಲ್ಲಿ ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಕೈಬರಹ ಪರೀಕ್ಷಿಸುವ ಚಿಕ್ಕತಾಯಮ್ಮ ಕೂರುತ್ತಾರೆ. ಮೈಸೂರು ಕಡೆಯವರು. ಸರ್ಕಾರಿ ಪ್ರಯೋಗಾಲಯದಲ್ಲಿ ಸುಳ್ಳು ಉಯಿಲು, ಸುಳ್ಳು ಕ್ರಯಪತ್ರ ನೋಡಿ ನೋಡಿ ನಿವೃತ್ತರಾದವರು, ಈಗ ಅದನ್ನೇ ಸ್ವಂತಕ್ಕೆ ನೋಡುತ್ತಾರೆ. ಹಳೆಯ ಸಹಿ ತೋರಿಸದೆ ಮಧ್ವರಾಜರಿಂದ ಇಪ್ಪತ್ತು ಹಾಳೆಯ ಮೇಲೆ ಸಹಿ ಹಾಕಿಸಿದರು. ಒಂದು ಮುಗಿದ ಕೂಡಲೇ ಅದನ್ನು ಎತ್ತಿಟ್ಟು ಇನ್ನೊಂದು ಕೊಟ್ಟರು, ಕೂತು ಆಯಿತು, ನಿಂತು ಆಯಿತು. ಇಪ್ಪತ್ತೂ ಒಂದೇ ಅಚ್ಚು. ಮಧ್ವರಾಜರ ಮುಖದಲ್ಲಿ ಕಾವಲಿಯ ಮುಂದಿನ ಹಳೇ ಗತ್ತು ಬಂದಿತ್ತು.

“ಮಧ್ವರಾಜ್ರೇ, ದೋಸೆ ಹಿಂಗಿದ್ರೆ ಹೊಗಳ್ತಾರೆ, ಸಹಿ ಹಿಂಗಿದ್ರೆ ಪೊಲೀಸಿಗೆ ಕೊಡ್ತಾರೆ,” ಎಂದರು ಚಿಕ್ಕತಾಯಮ್ಮ. “ಜೀವ ಇರೋ ಕೈ ಎರಡು ಸಲ ಒಂದೇ ಥರ ಬರೆಯಲ್ಲ.”

ಆಮೇಲೆ ಮಧ್ವರಾಜರು ತಂದಿದ್ದ ಹಳೇ ಕಾಗದಗಳ ಕಟ್ಟು ಬಿಚ್ಚಿದರು. ಲಾಕರಿನ ಅರ್ಜಿ, ವಿಮೆ, ಮಗಳ ಶಾಲೆಯ ಅಂಕಪಟ್ಟಿ, ಎಲ್ಲದರಲ್ಲೂ ಕನ್ನಡದಲ್ಲಿ ‘ಮಧ್ವರಾಜ’. ಮಸೂರ ಹಿಡಿದು ಬಹಳ ಹೊತ್ತು ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ ಎಂದರು ಇವರು.

“ನೀವು ಇದನ್ನ ನೋಡ್ಕೊಂಡು ಚಿತ್ರ ಬಿಡಿಸಿದೀರಿ. ಬರೆದೋರು ಯಾರು ಅಂದೆ.”

“ಅವಳು,” ಎಂದರು ಮಧ್ವರಾಜರು.

ಇಪ್ಪತ್ತೇಳು ವರ್ಷದ ಹಿಂದೆ ಬ್ಯಾಂಕಿನಲ್ಲಿ ಲಾಕರು ಮಾಡಿಸಿದ ದಿನ ಕಾವಲಿ ತಾಗಿ ಇವರ ಬೆರಳಿಗೆಲ್ಲ ಬಟ್ಟೆ ಸುತ್ತಿತ್ತು. ಆಗಿನ ಅಧಿಕಾರಿ ಹೋಟೆಲಿನ ಕಾಫಿಯ ಋಣದಲ್ಲಿದ್ದವನು. ಸಹಿಯ ಕಾರ್ಡನ್ನು ಸುಗುಣಾಳ ಕಡೆ ಸರಿಸಿ ಫ್ಯಾನು ನೋಡುತ್ತ ಕೂತ. ಅವಳ ಅಕ್ಷರ ದುಂಡಗೆ, ಇವರದು ಬೆಂದ ಶ್ಯಾವಿಗೆ. ಆಮೇಲೆ ಬೆರಳು ವಾಸಿಯಾದರೂ ಸಹಿ ಅವಳ ಪಾಲಿಗೇ ಉಳಿಯಿತು. ಅವಳು ಹೋದ ಮೇಲೆ ಇವರು ದಿನಾ ಬೆಳಗ್ಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನು ತಿದ್ದಲು ಕೂತರು. ಮೊದಮೊದಲು ಬ್ಯಾಂಕಿಗೆಂದೇ. ಅರ್ಜಿ ಕೊಟ್ಟಾದ ಮೇಲೂ ಬಿಡಲಾಗಲಿಲ್ಲ. ಅವಳ ಕೈ ಎಲ್ಲಿ ಬಾಗಿತ್ತೋ ಅಲ್ಲಿ ಇವರ ಕೈಯೂ ಬಾಗಬೇಕು, ಎಲ್ಲಿ ಮೇಲೇರಿತ್ತೋ ಅಲ್ಲಿ ಏರಬೇಕು. ಅಷ್ಟು ಹೊತ್ತು ಒಬ್ಬರೇ ಇದ್ದ ಹಾಗೆ ಅನ್ನಿಸುತ್ತಿರಲಿಲ್ಲ.

ಚಿಕ್ಕತಾಯಮ್ಮ ದಾರಿ ಹೇಳಿದರು. ಹಳೇ ಅರ್ಜಿಗಳಲ್ಲಿ ಪಕ್ಕದಲ್ಲೇ ಸುಗುಣಾಳ ಸ್ವಂತ ಸಹಿಯೂ ಇದೆ, ಎರಡೂ ಒಂದೇ ಕೈ ಎಂದು ಬರೆದುಕೊಡುತ್ತೇನೆ. ಬ್ಯಾಂಕು ಹಳೆಯದನ್ನು ರದ್ದು ಮಾಡಿ ಹೊಸ ಸಹಿ ತೆಗೆದುಕೊಳ್ಳುತ್ತದೆ, ಲಾಕರು ನಿಮ್ಮದಾಗುತ್ತದೆ.

“ಹಳೇದೇ ನನ್ನದು ಅಂತ ಬರಿಲಿಕ್ಕೆ ಆಗುದಿಲ್ವಾ?”

“ಸುಳ್ಳು ಬರೆಯಲ್ಲ ನಾನು.”

“ಲಾಕರು ಬೇಡ ಮೇಡಂ. ಅದು ರದ್ದಾದ್ರೆ ಅವಳ ಕೈ ಮತ್ತೆಲ್ಲುಂಟು?”

ಚಿಕ್ಕತಾಯಮ್ಮ ಒಂದು ಹಳೇ ಅರ್ಜಿಯನ್ನು ಇವರ ಕಡೆ ತಿರುಗಿಸಿ ಮಸೂರ ಕೊಟ್ಟರು.

“ನೋಡಿ. ತಮ್ಮ ಹೆಸರನ್ನ ನಿಮ್ಮ ಮನೆಯವರು ಓಡೋ ಬಸ್ಸು ಹತ್ತೋ ಹಂಗೆ ಗೀಚಿದಾರೆ. ನಿಮ್ಮ ಹೆಸರಿಗೆ ಬಂದಾಗ ಪೆನ್ನು ನಿಧಾನ ಆಗುತ್ತೆ. ಇಪ್ಪತ್ತೇಳು ವರ್ಷದ ಕಾಗದದಲ್ಲೂ ಹಂಗೇ. ಬೇರೆ ಕೇಸಾಗಿದ್ರೆ ಇದನ್ನ ನಕಲಿನ ಲಕ್ಷಣ ಅಂತಿದ್ದೆ.”

ಮಧ್ವರಾಜರಿಗೆ ಮಸೂರ ಕೆಳಗಿಡಲು ಬಹಳ ಹೊತ್ತು ಹಿಡಿಯಿತು. ಆಮೇಲೆ ತಾವಾಗಿ ಬಿಳಿ ಹಾಳೆ ಎಳೆದುಕೊಂಡು ತಮ್ಮ ಹೆಸರು ಬರೆದರು. ‘ಧ್ವ’ ಕುಸಿದಿತ್ತು, ‘ಜ’ ಗೆರೆ ದಾಟಿತ್ತು. ಇನ್ನೊಂದು ಬರೆದರು, ಅದು ಬೇರೆಯೇ ಥರ ಕೆಟ್ಟಿತ್ತು. ಚಿಕ್ಕತಾಯಮ್ಮ ಎರಡನ್ನೂ ಹಿಡಿದು ನೋಡಿ, ಈಗ ಸರಿಹೋಯಿತು ಎಂದರು.

ಮುಂದಿನ ವಾರ ವರದಿ ಹಿಡಿದು ಬ್ಯಾಂಕಿಗೆ ಹೋದಾಗ ಜಗಳ, ತಕರಾರು ಏನೂ ಆಗಲಿಲ್ಲ. ಹೊಸ ಕಾರ್ಡಿನಲ್ಲಿ ಸೊಟ್ಟ ಸಹಿ ಬಿತ್ತು. ಕೌಂಟರಿನ ಹುಡುಗಿ ಹಳೇ ಕಾರ್ಡನ್ನು ಕಡತದಿಂದ ತೆಗೆದು ರದ್ದಿನ ಮೊಹರನ್ನು ಶಾಯಿಗೆ ಒತ್ತಿದಳು. ಕಾರ್ಡು ಕೇಳಿದರೆ ಕೊಡುವುದಿಲ್ಲವೆಂದು ಮಧ್ವರಾಜರಿಗೆ ಗೊತ್ತಿತ್ತು, ಕೇಳಲಿಲ್ಲ. ಮೊಹರು ಸಹಿಯ ಮೇಲೆ ಬರುವಷ್ಟರಲ್ಲಿ ಅವಳಿಗೆ ತಮಿಳಿನಲ್ಲಿ, ಮೆಲ್ಲಗೆ, ಸ್ವಲ್ಪ ಬದಿಗೆ ಹೊಡೆಯಮ್ಮಾ ಎಂದರು.

ಅವಳು ತಲೆಯೆತ್ತಿ ಇವರನ್ನು ನೋಡಿದಳು. ಮತ್ತೆ ಕಾರ್ಡನ್ನು ಒಂದಿಷ್ಟು ತಿರುಗಿಸಿ, ಏನೂ ಬರೆಯದ ಮೂಲೆಯಲ್ಲಿ ಮೊಹರು ಒತ್ತಿದಳು.