ಒಂದೇ ಉಸಿರಿಗೆ ಕುಡಿಯಬೇಕಾದ ನೀರು

ಸೋಡಾ ಅಕ್ಕನಿಗೆ ಆ ಹೆಸರು ಬಂದದ್ದು ಅವಳು ಸೋಡಾ ತುಂಬುತ್ತಿದ್ದ ಕಾಲದಲ್ಲಿ. ಆ ಕಾರ್ಖಾನೆ ಮುಚ್ಚಿತು, ಹೆಸರು ಉಳಿಯಿತು. ಆಮೇಲೆ ಅವಳು ಸೇರಿಕೊಂಡದ್ದು ಹೈಡ್ರೋಜನ್ ನೀರಿನ ಘಟಕಕ್ಕೆ. ಕುಡಿಯುವ ನೀರಿಗೆ ಹೈಡ್ರೋಜನ್ ಗ್ಯಾಸು ಹೊಗಿಸಿ, ಪುಟ್ಟ ಬಾಟಲಿಗಳಲ್ಲಿ ತುಂಬಿ, ‘ಗುಟುಕು ಗುಟುಕಿಗೂ ಆಯಸ್ಸು’ ಎಂದು ಚೀಟಿ ಅಂಟಿಸಿ ಮಾರುವ ಜಾಗ ಅದು. ಯಾರ ಆಯಸ್ಸು, ಎಷ್ಟು ಆಯಸ್ಸು ಎಂಬುದು ಚೀಟಿಯಲ್ಲಿ ಇರಲಿಲ್ಲ. ಕೇಳಿದವರೂ ಇಲ್ಲ.

ಸೋಡಾದ ಗ್ಯಾಸು ನೀರಿನ ಜೊತೆ ಹೇಗೋ ಸಂಸಾರ ಮಾಡಿಕೊಂಡು ಹೋಗುತ್ತದೆ. ಹೈಡ್ರೋಜನ್ ಹಾಗಲ್ಲ. ತವರಿಗೆ ಹೊರಟು ನಿಂತ ಸೊಸೆಯ ಹಾಗೆ, ಬಾಗಿಲು ತೆರೆದರೆ ಸಾಕು, ಹೊರಗೆ.

“ಎಲ್ಲಾ ಹಾರಿ ಹೋಗ್ತಿದೆಯಲ್ಲ ಸೋಡಾ ಅಕ್ಕ, ಏನಾದ್ರೂ ಮಾಡಿ ಕೂರಿಸು ಅದನ್ನ” ಎಂದ ಮಾಲೀಕ.

ಕೂರಿಸಿದಳು. ನೀರನ್ನು ಇನ್ನೇನು ಹೆಪ್ಪುಗಟ್ಟಬೇಕು ಅನ್ನುವಷ್ಟು ತಣ್ಣಗೆ ಮಾಡಿದಳು. ಸಣ್ಣ ರಂಧ್ರದ ಕಲ್ಲಿನ ಕೊಳವೆಯಲ್ಲಿ ಗ್ಯಾಸು ಹಾಯಿಸಿ, ಗುಳ್ಳೆ ಮಂಜಿನಷ್ಟು ನುಣ್ಣಗಾಗುವಂತೆ ಮಾಡಿದಳು. ಒತ್ತಡ ಏರಿಸಿದಳು. ಬಾಟಲಿಯ ಕತ್ತಿನಲ್ಲಿ ಎಳ್ಳಷ್ಟೂ ಗಾಳಿ ಉಳಿಯದ ಹಾಗೆ ತುಂಬಿದಳು. ಆಮೇಲೆ ಪರೀಕ್ಷೆಯ ನೀಲಿ ಹನಿ ಬಿಡುವುದು. ನೀರಿನಲ್ಲಿ ಹೈಡ್ರೋಜನ್ ಇದ್ದರೆ ನೀಲಿ ಮಾಯವಾಗುತ್ತದೆ. ಹೆಚ್ಚಿದ್ದಷ್ಟೂ ಹೆಚ್ಚು ಹನಿ ಮಾಯ. ಒಂದೊಂದು ಹನಿ ಕರಗಿದಾಗಲೂ ಅವಳ ಮುಖ ಅರಳುತ್ತಿತ್ತು. ಮಾಲೀಕ ಅದನ್ನು ತನ್ನ ಮೇಲಿನ ನಿಷ್ಠೆ ಅಂದುಕೊಂಡ. ಅಯ್ಯೋ ಪೆದ್ದ.

ಅವಳ ಲೆಕ್ಕ ಬೇರೆ ಇತ್ತು. ಗಂಡ ಬಸ್ ಕಂಡಕ್ಟರ್ ಆಗಿದ್ದವನು, ಎರಡು ಕಿಡ್ನಿಯೂ ಕೈಕೊಟ್ಟು ಮನೆ ಸೇರಿದ್ದ. ವಾರವಾರ ಯಂತ್ರಕ್ಕೆ ಮೈಯೊಡ್ಡಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಮೈಯಲ್ಲಿ ನೀರು ನಿಲ್ಲುತ್ತದೆಂದು ಡಾಕ್ಟರು ಅವನಿಗೆ ದಿನಕ್ಕೆ ಕೊಟ್ಟಿದ್ದ ಪಾಲು ಸರಿಯಾಗಿ ಅಂಥ ಒಂದು ಪುಟ್ಟ ಬಾಟಲಿ. ಇರುವುದೇ ಅಷ್ಟು ನೀರು ಎಂದಮೇಲೆ, ಅದರೊಳಗೆ ಹಿಡಿಸುವಷ್ಟು ಆಯಸ್ಸು ತುರುಕಿಬಿಡೋಣ ಅಂತ ಅವಳ ಹಟ.

ಡಾಕ್ಟರನ್ನು ಕೇಳಿದಳು. ಅವರು ತಲೆ ಎತ್ತಲಿಲ್ಲ. “ನೀರು ನೀರೇ ಕಣಮ್ಮ. ಲೆಕ್ಕದೊಳಗಿರ್ಲಿ ಅಷ್ಟೇ.” ‘ಅದರಿಂದ ಏನೂ ಆಗಲ್ಲ’ ಎಂಬ ಇನ್ನೊಂದು ಮಾತಿಗೆ ಅವರಿಗೆ ಪುರುಸೊತ್ತಿರಲಿಲ್ಲ. ಅವಳು ಒಪ್ಪಿಗೆ ಸಿಕ್ಕಿತೆಂದು ಮನೆಗೆ ಬಂದಳು.

ಮೊದಲೆಲ್ಲ ಕಂಡಕ್ಟರು ತನ್ನ ಪಾಲಿನ ನೀರನ್ನು ಜಿಪುಣನ ಹಾಗೆ ಬಾಳಿಸುತ್ತಿದ್ದ. ಈಗೊಂದು ಗುಟುಕು, ಬಾಯಲ್ಲಿ ಹೊರಳಿಸಿ, ಕಣ್ಣು ಮುಚ್ಚಿ. ಸಂಜೆಗೆ ಅಂತ ತಳದಲ್ಲೊಂದಿಷ್ಟು. ದಿನವನ್ನು ದೂಡುತ್ತಿದ್ದದ್ದೇ ಆ ಗುಟುಕುಗಳು. ಅದು ನಿಂತುಹೋಯಿತು. ಮುಚ್ಚಳ ತೆಗೆದರೆ ಗ್ಯಾಸು ಹೊರಡುತ್ತದಲ್ಲ! ಬೆಳಿಗ್ಗೆ ಬಾಟಲಿ ತೆರೆದು ಅವನ ಬಾಯಿಗೇ ಹಿಡಿಯುತ್ತಿದ್ದಳು. “ಒಂದೇ ಉಸಿರಿಗೆ ಕುಡೀರಿ. ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ.”

ಮುಗಿಯಿತು. ಇನ್ನು ನಾಳೆ ಬೆಳಿಗ್ಗೆ.

“ಲೇ, ಇದೆಂಥಾ ಬಸ್ಸೇ, ಹತ್ತಿದ ಸ್ಟಾಪಲ್ಲೇ ಇಳಿಸ್ತೀಯಲ್ಲ” ಎಂದು ಮೊದಮೊದಲು ನಗಾಡಿದ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ನಗೆಯೂ ಹೊರಡುತ್ತಿರಲಿಲ್ಲ. ಬಟ್ಟೆ ಒಗೆಯುವ ಸದ್ದು ಕೇಳಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಒಮ್ಮೆ ಒದ್ದೆ ಟವೆಲ್ಲು ಚೀಪುತ್ತಾ ಸಿಕ್ಕಿಬಿದ್ದ. ಅವಳು ಕಸಿದುಕೊಂಡಳು. “ಮಗು ಥರ ಆಡ್ಬೇಡಿ. ಯಾರಿಗೋಸ್ಕರ ಮಾಡ್ತಿದೀನಿ ನಾನು?”

“ನಂಗೋಸ್ಕರ ಅಲ್ವಾ? ಹಾಗಾದ್ರೆ ಸ್ವಲ್ಪ ಕಮ್ಮಿ ಮಾಡೇ” ಎಂದ.

ಕಂಡಕ್ಟರು ದಿನಾ ಇದೇ ನೀರು ಕುಡಿಯುವ ಸುದ್ದಿ ಮಾಲೀಕನಿಗೆ ತಲುಪಿತು. ಅವನು ಕ್ಯಾಮೆರಾದವನನ್ನು ಕರೆದುಕೊಂಡು ಮನೆಗೇ ಬಂದ. ಅವತ್ತಿನ ನೀರು ಆಗಲೇ ಮುಗಿದಿತ್ತು. ಖಾಲಿ ಬಾಟಲಿಯನ್ನೇ ಬಾಯಿಗಿಟ್ಟು ಕಂಡಕ್ಟರು ಕುಡಿಯುವ ಹಾಗೆ ಮಾಡಿದ. “ಖುಷಿಯಾಗಿ, ಖುಷಿಯಾಗಿ!” ಎಂದು ಹುರಿದುಂಬಿಸಿದ ಮಾಲೀಕ. ಆ ಮುಖ ರಟ್ಟಿನ ಪೆಟ್ಟಿಗೆಗಳ ಮೇಲೆ ಅಚ್ಚಾಗಿ ಅಂಗಡಿ ಅಂಗಡಿಗೆ ಹೋಯಿತು. ಅಚ್ಚಿನಲ್ಲಿ ಬಾಟಲಿ ತುಂಬಿತ್ತು.

ಕಿಡ್ನಿ ಮಾತ್ರ ಪೆಟ್ಟಿಗೆ ನೋಡಲಿಲ್ಲ. ಹೃದಯವೂ ಸೋತು ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅದೇ ಡಾಕ್ಟರು ಬಂದು ನೋಡಿ ಸೋಡಾ ಅಕ್ಕನನ್ನು ಬಾಗಿಲಾಚೆ ಕರೆದರು. “ಇನ್ನು ಕೈಯಲ್ಲಿಲ್ಲಮ್ಮ. ಇವತ್ತೋ ನಾಳೆಯೋ. ಲೆಕ್ಕಗಿಕ್ಕ ಎಲ್ಲಾ ಬಿಡಿ. ನೀರು ಕೇಳಿದ್ರೆ ಕೊಡಿ.”

ಮಂಚದ ಪಕ್ಕದಲ್ಲೇ ನಲ್ಲಿಯಿತ್ತು. ಕಂಡಕ್ಟರಿಗೆ ಕಿವಿ ಚುರುಕು. “ಕೊಡಿ ಅಂದ್ರಲ್ಲ” ಎಂದು ನಲ್ಲಿಯತ್ತ ಕೈಮಾಡಿದ. “ಅದೇ ಸಾಕು.”

ಸೋಡಾ ಅಕ್ಕ ಆಸ್ಪತ್ರೆಗೆ ಜೊತೆಯಲ್ಲಿ ಬಂದಿದ್ದ ನಾದಿನಿಯ ಕೈಹಿಡಿದಳು. “ಈ ಹಾಳು ನೀರು ಕುಡಿಸ್ಬೇಡ ಕಣೇ. ಎರಡು ಗುಟುಕು ಇಳಿದ್ರೆ ಹೆಚ್ಚು ಈಗ, ಆ ಜಾಗ ಇದಕ್ಕೆ ದಂಡ ಮಾಡ್ಬಾರ್ದು. ಆಣೆ ಹಾಕು. ನಾನು ತರ್ತೀನಿ.”

ನಾದಿನಿ ಆಣೆ ಹಾಕಿದಳು. ಅತ್ತಿಗೆಗೆ ಗ್ಯಾಸಿನ ವಿಷಯ ಗೊತ್ತು ಎಂದು ಮನೆಯವರೆಲ್ಲ ನಂಬಿದ್ದರು.

ಘಟಕದಲ್ಲಿ ತುಂಬಿಟ್ಟ ಬಾಟಲಿಗಳು ಸಾಲುಗಟ್ಟಿದ್ದವು. ಯಾವುದನ್ನೂ ಮುಟ್ಟಲಿಲ್ಲ, ಎಲ್ಲವೂ ಹಳತು. ಯಂತ್ರ ಹಾಕಿದಳು. ನೀರು ತಣ್ಣಗಾಗುವವರೆಗೆ ಕಾದಳು. ಒತ್ತಡ ಏರುವವರೆಗೆ ಕಾದಳು. ಎರಡು ಬಾಟಲಿ ತುಂಬಿ, ಒಂದನ್ನು ಪರೀಕ್ಷೆಗಿಟ್ಟು ಹನಿ ಬಿಟ್ಟಳು. ನೀಲಿ ಮಾಯ, ಮತ್ತೆ ಮಾಯ, ಇನ್ನೂ ಮಾಯ. ಜನ್ಮದಲ್ಲೇ ಅಷ್ಟು ಗ್ಯಾಸು ಅವಳ ನೀರಿನಲ್ಲಿ ಕೂತಿರಲಿಲ್ಲ.

ಆಸ್ಪತ್ರೆಯಲ್ಲಿ ಕಂಡಕ್ಟರು ನೀರು ನೀರು ಎಂದು ತಂಗಿಯ ಸೆರಗು ಜಗ್ಗುತ್ತಿದ್ದ. “ತಡಿ ಅಣ್ಣಾ, ಅತ್ತಿಗೆ ಬಂದ್ಬಿಟ್ರು, ಇಲ್ಲೇ ಬಂದ್ರು” ಎನ್ನುತ್ತ ಅವಳು ಬಾಗಿಲು ನೋಡುತ್ತಿದ್ದಳು. ತಿರುಗಿದಾಗ ಸೆರಗು ಹಿಡಿದ ಕೈ ಸಡಿಲವಾಗಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು.

ಹೆಣ ಮನೆಗೆ ಬಂತು. ಮಾಲೀಕನೂ ಬಂದ, ಬರಿಗೈಲಿ ಬರಲಿಲ್ಲ. ಬಂದವರಿಗೆ ಕುಡಿಯಲೆಂದು ಪೆಟ್ಟಿಗೆಗಟ್ಟಲೆ ನೀರು ಇಳಿಸಿದ. ಪ್ರತಿ ಪೆಟ್ಟಿಗೆಯ ಮೇಲೂ ಕಂಡಕ್ಟರು ಬಾಟಲಿ ಎತ್ತಿ ಕುಡಿಯುತ್ತಿದ್ದ. ಜನ ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ಹೆಣ ನೋಡಿದರು.

ಸೋಡಾ ಅಕ್ಕ ಎದ್ದು ಬಂದು ತಾನೇ ಒಂದೊಂದು ಮುಚ್ಚಳ ತಿರುವಿ ಕೈಗೆ ಕೊಟ್ಟಳು. “ಹಿಡ್ಕೊಂಡು ಕೂರ್ಬೇಡಿ. ಒಂದೇ ಉಸಿರಿಗೆ ಕುಡೀರಿ, ಹೋಗ್ಬಿಡುತ್ತೆ.”

ಕುಡಿದರು. ಸೆಖೆಯಿತ್ತು, ನೀರು ತಣ್ಣಗಿತ್ತು.